ಮೇಸ್ತ್ರಿಯ ತಲೆಯ ಮೇಲಿನ ಬಾಕಿ: ಊರ್ ರಾಜ್ಯದ ಮಣ್ಣಿನ ಲೆಕ್ಕಪತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದಿನ ಇರಾಕ್ ದೇಶದ ದಕ್ಷಿಣದಲ್ಲಿ, ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಬಯಲಿನಲ್ಲಿ, ಊರ್ ಎಂಬ ನಗರವನ್ನು ರಾಜಧಾನಿಯಾಗಿಸಿಕೊಂಡು ಐವರು ಅರಸರು ಒಬ್ಬರ ನಂತರ ಒಬ್ಬರಂತೆ ಆಳಿದರು. ಸಾಮಾನ್ಯವಾಗಿ ಒಪ್ಪಿರುವ ಕಾಲಗಣನೆಯಂತೆ ಅದು ಕ್ರಿ.ಪೂ. 2112ರಿಂದ 2004ರವರೆಗಿನ ಅವಧಿ. ಊರಿನ ಮೂರನೆಯ ರಾಜವಂಶವೆಂದು ಇತಿಹಾಸಕಾರರು ಕರೆಯುವ ಈ ಮನೆತನದ ಯುದ್ಧಗಳ ಬಗ್ಗೆ ನಮಗೆ ತಿಳಿದಿರುವುದು ಅಲ್ಪವಾದರೂ, ಅದರ ಕಣಜಗಳಲ್ಲಿ, ಮಗ್ಗದ ಶಾಲೆಗಳಲ್ಲಿ, ಕುರಿದೊಡ್ಡಿಗಳಲ್ಲಿ ದಿನದಿನವೂ ನಡೆದದ್ದು ಬೆರಗಾಗುವಷ್ಟು ವಿವರವಾಗಿ ತಿಳಿದಿದೆ. ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯನ್ನು ಒತ್ತಿ, ಬೆಣೆಯಾಕಾರದ ಲಿಪಿಯಲ್ಲಿ, ಸುಮೇರಿಯನ್ ಭಾಷೆಯಲ್ಲಿ ಬರೆದ ಸುಮಾರು ಒಂದು ಲಕ್ಷ ಆಡಳಿತ ದಾಖಲೆಗಳು ಈ ಒಂದೇ ಶತಮಾನದಿಂದ ಉಳಿದುಬಂದಿವೆ.

ಇವುಗಳಲ್ಲಿ ಹೆಚ್ಚಿನವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವು. ಇಂತಿಷ್ಟು ಜವೆಗೋಧಿಯನ್ನು ಇಂಥವನಿಂದ ಇಂಥವನು ಪಡೆದನು, ತಿಂಗಳು ಇದು, ವರ್ಷ ಇದು ಎಂದಷ್ಟೇ ಅವು ಹೇಳುತ್ತವೆ. ಪಡೆದವನು ತನ್ನ ಉರುಳೆಯಾಕಾರದ ಮುದ್ರೆಯನ್ನು ಹಸಿಮಣ್ಣಿನ ಮೇಲೆ ಉರುಳಿಸುತ್ತಿದ್ದನು. ಆ ಕ್ಷಣದಿಂದ ಆ ಧಾನ್ಯಕ್ಕೆ ಅವನೇ ಹೊಣೆ. ಇಂಥ ರಸೀದಿಗಳನ್ನು ಬುಟ್ಟಿಗಳಲ್ಲಿ ತುಂಬಿ, ಒಳಗೇನಿದೆ ಎಂಬುದನ್ನು ಬರೆದ ಮಣ್ಣಿನ ಚೀಟಿಯೊಂದನ್ನು ದಾರದಿಂದ ಬುಟ್ಟಿಗೆ ಕಟ್ಟುತ್ತಿದ್ದರು. ಬುಟ್ಟಿ ಕೊಳೆತುಹೋಗಿದೆ, ದಾರ ಹೋಗಿದೆ, ದಾರ ಪೋಣಿಸಿದ ತೂತಿನ ಸಮೇತ ಚೀಟಿ ಮಾತ್ರ ಉಳಿದಿದೆ. ವರ್ಷಗಳಿಗೆ ಅಂಕಿ ಇರಲಿಲ್ಲ, ಹೆಸರಿತ್ತು: ಅಮರ್-ಸುಯೆನ್ ಅರಸನಾದ ವರ್ಷ, ಉರ್ಬಿಲುಮ್ ನಗರ ನಾಶವಾದ ವರ್ಷ ಎಂಬಂತೆ. ಹೀಗಾಗಿ ಒಂದು ಕುರಿಯ ರಸೀದಿಯೂ ಅರಸನ ಕೀರ್ತಿಯನ್ನು ಹೊತ್ತು ತಿರುಗಬೇಕಾಗುತ್ತಿತ್ತು.

ಈ ದಾಖಲೆಗಳ ನಿಜವಾದ ಸ್ವಭಾವ ಕಾಣುವುದು ವರ್ಷದ ಕೊನೆಯ ಲೆಕ್ಕದಲ್ಲಿ. ಉಮ್ಮಾ ಎಂಬ ಪ್ರಾಂತ್ಯದಲ್ಲಿ ಧಾನ್ಯ ಬೀಸುವ ಹೆಂಗಸರ ತಂಡವೊಂದನ್ನು ನೋಡಿಕೊಳ್ಳುವ ಮೇಸ್ತ್ರಿಯ ಲೆಕ್ಕವನ್ನು ತೆಗೆದುಕೊಳ್ಳೋಣ. ಮೊದಲ ಸಾಲಿನಲ್ಲಿ ಹಿಂದಿನ ವರ್ಷದ ಬಾಕಿ ಇರುತ್ತದೆ. ಅದರ ಕೆಳಗೆ ಈ ವರ್ಷ ಅವನ ವಶಕ್ಕೆ ಕೊಟ್ಟ ದುಡಿಮೆಯ ದಿನಗಳು. ತಿಂಗಳು ನಿಜದಲ್ಲಿ 29 ದಿನದ್ದಿರಲಿ, 30 ದಿನದ್ದಿರಲಿ, ಲೆಕ್ಕಕ್ಕೆ ಅದು 30 ದಿನದ್ದೇ. 36 ಹೆಂಗಸರ ತಂಡವಾದರೆ ವರ್ಷಕ್ಕೆ 12,960 ದುಡಿಮೆಯ ದಿನಗಳು ಅವನ ಹೆಸರಿಗೆ ಬೀಳುತ್ತವೆ. ಇವನ್ನು ತೀರಿಸುವುದು ಹೇಗೆ? ಒಪ್ಪಿಸಿದ ಹಿಟ್ಟನ್ನು, ಒಬ್ಬಳು ದಿನಕ್ಕೆ ಇಷ್ಟು ಬೀಸಬೇಕೆಂಬ ನಿಗದಿಯಿಂದ ಭಾಗಿಸಿ ದಿನಗಳಾಗಿ ಪರಿವರ್ತಿಸುತ್ತಾರೆ. ಸುಗ್ಗಿಗೆ ಹೋದ ದಿನಗಳು, ದಂಡೆಯ ಮೇಲಿನಿಂದ ದೋಣಿ ಎಳೆದ ದಿನಗಳು, ಕಾಲುವೆಯ ಕೆಲಸದ ದಿನಗಳು ಎಲ್ಲವೂ ಸೇರುತ್ತವೆ. ಹೆಂಗಸರ ಬಿಡುವಿಗಾಗಿ ಒಟ್ಟು ದಿನಗಳಲ್ಲಿ ಆರನೆಯ ಒಂದು ಭಾಗವನ್ನು ಕಳೆಯುತ್ತಾರೆ. ಗಂಡಸರಿಗೆ ಅದು ಹತ್ತನೆಯ ಒಂದು ಭಾಗ ಮಾತ್ರ. ಎಲ್ಲವನ್ನೂ ಕಳೆದ ಮೇಲೆ ಉಳಿಯುವುದು ಬಹುಮಟ್ಟಿಗೆ ಬಾಕಿಯೇ. ಅದು ಮುಂದಿನ ವರ್ಷದ ಫಲಕದ ಮೊದಲ ಸಾಲಾಗಿ ಮತ್ತೆ ಬಂದು ಕೂರುತ್ತದೆ.

ನಿಗದಿಗಳನ್ನು ಸಾಮಾನ್ಯ ತಂಡ ಮುಟ್ಟಲಾರದಷ್ಟು ಎತ್ತರದಲ್ಲಿ ಇಟ್ಟಿದ್ದರೆಂದು ಈ ಲೆಕ್ಕಗಳನ್ನು ಓದಿದವರಿಗೆ ಅನಿಸದೆ ಇರದು. ಮೇಸ್ತ್ರಿ ಸತ್ತರೂ ಬಾಕಿ ಸಾಯುತ್ತಿರಲಿಲ್ಲ. ಅವನ ಮನೆಯ ಆಸ್ತಿಯನ್ನು, ಕೆಲವೊಮ್ಮೆ ಮನೆಮಂದಿಯನ್ನೇ ರಾಜ್ಯವು ವಶಪಡಿಸಿಕೊಂಡು ದುಡಿಮೆಗೆ ಹಚ್ಚಿದ್ದನ್ನು ಸೂಚಿಸುವ ದಾಖಲೆಗಳಿವೆ. ಆದುದರಿಂದ, ಏನು ನಡೆಯಿತು ಎಂಬುದನ್ನು ನೆನಪಿಡಲು ಬರೆದ ಬರಹಗಳಾಗಿ ಇವನ್ನು ಓದುವುದಕ್ಕಿಂತ, ಯಾರು ಯಾರಿಗೆ ಎಷ್ಟರ ಹೊಣೆ ಎಂಬುದನ್ನು ಕಟ್ಟಿಹಾಕಲು ಮಾಡಿದ ಸಾಧನಗಳಾಗಿ ಓದುವುದೇ ಸರಿಯೆಂದು ನನ್ನ ಅಭಿಪ್ರಾಯ. ಶುಲ್ಗಿ ಎಂಬ ಅರಸನ ಸ್ತುತಿಗೀತೆಯೊಂದರಲ್ಲಿ ಅವನು ತಾನು ಕೂಡುವುದರಲ್ಲಿ, ಕಳೆಯುವುದರಲ್ಲಿ, ಲೆಕ್ಕ ಹಾಕುವುದರಲ್ಲಿ ನಿಪುಣನೆಂದು ಹೆಮ್ಮೆಪಟ್ಟಿರುವುದು ಸುಮ್ಮನೆ ಅಲ್ಲ.

ಆಳುಗಳಿಗೆ ಕೊಡುತ್ತಿದ್ದ ಪಡಿಯೂ ಇದೇ ಕಟ್ಟುನಿಟ್ಟಿನದು. ಅವರ ಅಳತೆಯ ಒಂದು ಸಿಲಾ ಎಂದರೆ ಸುಮಾರು ಒಂದು ಲೀಟರ್. ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲಾ ಜವೆಗೋಧಿ, ಹೆಣ್ಣಾಳಿಗೆ 30, ಮಕ್ಕಳಿಗೆ ವಯಸ್ಸಿನಂತೆ 10ರಿಂದ 20. ಜೊತೆಗೆ ವರ್ಷಕ್ಕೊಮ್ಮೆ ಉಣ್ಣೆ ಅಥವಾ ಬಟ್ಟೆ. ಗಿರ್ಸು ಪ್ರಾಂತ್ಯದ ನೇಯ್ಗೆಶಾಲೆಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು, ತಾಯಿಯ ಹೆಸರಿನ ಕೆಳಗೇ ಮಗುವಿನ ಹೆಸರೂ ಅದರ ಪಡಿಯೂ ದಾಖಲಾಗುತ್ತಿದ್ದವು. ಆ ಹೆಂಗಸರು ಏನು ಮಾತಾಡಿಕೊಂಡರು, ಯಾವ ಹಾಡು ಹೇಳಿಕೊಂಡು ಮಗ್ಗದ ಮುಂದೆ ಕುಳಿತರು ಎಂಬುದಕ್ಕೆ ಈ ಲಕ್ಷ ಫಲಕಗಳಲ್ಲಿ ಜಾಗವಿಲ್ಲ.

ಗಿರ್ಸುವಿನ ಕಡತಗಳಲ್ಲಿ ನಮ್ಮ ಕಿವಿ ನಿಮಿರುವಂಥ ಒಂದು ಉಲ್ಲೇಖವೂ ಇದೆ. ಅಲ್ಲಿ ಮೆಲುಹ್ಹದ ಹಳ್ಳಿ ಎಂಬುದೊಂದಿತ್ತು, ಅದಕ್ಕೊಂದು ಕಣಜವಿತ್ತು. ಮೆಲುಹ್ಹ ಎಂದರೆ ಸಿಂಧೂ ಕಣಿವೆಯ ನಾಡು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸಮುದ್ರ ದಾಟಿ ಬಂದವರ ಸಂತತಿಯೂ ಕೊನೆಗೆ ಜವೆಗೋಧಿಯ ಲೆಕ್ಕದೊಳಗೆ ಸೇರಿಹೋಯಿತು.

ನಿಪ್ಪುರ್ ನಗರದ ಬಳಿಯ ಪುಜ್ರಿಶ್-ದಗಾನ್ ಎಂಬಲ್ಲಿ ಶುಲ್ಗಿ ಜಾನುವಾರುಗಳ ಕೇಂದ್ರವೊಂದನ್ನು ವ್ಯವಸ್ಥೆಗೊಳಿಸಿದ್ದನು. ದನ, ಕುರಿ, ಮೇಕೆಗಳು ವರ್ಷಕ್ಕೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಅಲ್ಲಿಗೆ ಬಂದು, ದೇವಾಲಯಗಳಿಗೂ ಅರಮನೆಯ ಅಡುಗೆಮನೆಗೂ ಹಂಚಿಕೆಯಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಳ್ಳತನದಿಂದ ಅಗೆದವರು ಅಲ್ಲಿನ ಫಲಕಗಳನ್ನು ವ್ಯಾಪಾರಿಗಳಿಗೆ ಮಾರಿದ್ದರಿಂದ, ಒಂದೇ ಕಡತದ ಹಾಳೆಗಳಂತಿದ್ದ ಅವು ಹತ್ತಾರು ದೇಶಗಳ ವಸ್ತುಸಂಗ್ರಹಾಲಯಗಳಿಗೆ ಚದುರಿಹೋದವು. ಯಾವುದು ಯಾವ ಬುಟ್ಟಿಯದು ಎಂಬುದನ್ನು ಇಂದು ಹೆಸರುಗಳನ್ನೂ ತಾರೀಖುಗಳನ್ನೂ ಹೊಂದಿಸಿ ಊಹಿಸಬೇಕಾಗಿದೆ.

ಕೊನೆಯ ಅರಸ ಇಬ್ಬಿ-ಸುಯೆನ್ 24 ವರ್ಷ ಆಳಿದನು. ಆದರೆ ಅವನ ಆಳ್ವಿಕೆಯ ಮೊದಲ ಕೆಲವೇ ವರ್ಷಗಳಲ್ಲಿ ಪುಜ್ರಿಶ್-ದಗಾನಿನಲ್ಲಿ, ಉಮ್ಮಾದಲ್ಲಿ, ಸ್ವಲ್ಪ ಕಾಲದ ನಂತರ ಗಿರ್ಸುವಿನಲ್ಲಿ, ಅವನ ವರ್ಷನಾಮಗಳನ್ನು ಹೊತ್ತ ಫಲಕಗಳು ನಿಂತುಹೋಗುತ್ತವೆ. ಪ್ರಾಂತ್ಯಗಳು ಕೈತಪ್ಪಿದ್ದು ಯುದ್ಧದ ಶಾಸನಗಳಿಗಿಂತ ಮೊದಲು ನಮಗೆ ಗೊತ್ತಾಗುವುದು ಹೀಗೆ. ಪೂರ್ವದ ನೆರೆನಾಡಾದ ಎಲಾಮಿನ ಸೈನ್ಯ ಊರ್ ನಗರವನ್ನು ಸೂರೆಮಾಡಿ ಅವನನ್ನು ಸೆರೆಯಲ್ಲಿ ಒಯ್ದಿತು. ಅಷ್ಟರೊಳಗೆ ಅವನ ಅಧಿಕಾರಿಯಾಗಿದ್ದ ಇಶ್ಬಿ-ಎರ್ರಾ ಇಸಿನ್ ನಗರದಲ್ಲಿ ತಾನೇ ಅರಸನಾಗಿ ನೆಲೆಯೂರಿದ್ದನು; ಅಲ್ಲಿನ ಚರ್ಮದ ಕಾರ್ಯಾಗಾರದಲ್ಲಿ ಕರಣಿಕರು ತೊಗಲಿನ ಲೆಕ್ಕವನ್ನು ಬರೆಯುತ್ತಲೇ ಇದ್ದರು, ವರ್ಷದ ಹೆಸರು ಮಾತ್ರ ಹೊಸ ಅರಸನದಾಗಿತ್ತು.