ಫೈನಲ್ ಫ್ಯಾಂಟಸಿ ಸಿಕ್ಸ್: ನಾಲ್ಕು ಮೀನು, ಒಂದು ದ್ವೀಪ

ಒಂದು ಚಿಕ್ಕ ದ್ವೀಪ. ಗುಡಿಸಲಿನಲ್ಲಿ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ. ಹೊರಗೆ ಸಮುದ್ರದ ದಡ, ನೀರಿನಲ್ಲಿ ಮೀನು. ಕೆಲವು ಚುರುಕಾಗಿ ಓಡುತ್ತವೆ, ಕೆಲವು ಜೀವವೇ ಇಲ್ಲದ ಹಾಗೆ ನಿಧಾನಕ್ಕೆ ತೇಲುತ್ತವೆ. ನೀವು ಮೀನು ಹಿಡಿದು ತಂದು ಆ ಮುದುಕನಿಗೆ ತಿನ್ನಿಸಬೇಕು. ನಿಧಾನದ ಮೀನು ಸುಲಭಕ್ಕೆ ಸಿಗುತ್ತದೆ. ಆದರೆ ಅದು ಕೆಟ್ಟ ಮೀನು, ತಿಂದರೆ ಮುದುಕನ ಸ್ಥಿತಿ ಇನ್ನೂ ಹದಗೆಡುತ್ತದೆ. ಇದನ್ನು ಆಟ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಆಯಸ್ಸು ಒಳಗೊಳಗೇ ಇಳಿಯುತ್ತಿರುತ್ತದೆ, ಸ್ಕ್ರೀನಿನ ಮೇಲೆ ಮೀಟರೂ ಇಲ್ಲ, ಏನೂ ಇಲ್ಲ.

ಹೌದು, ಫೈನಲ್ ಫ್ಯಾಂಟಸಿ ಸಿಕ್ಸ್. 1994ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಬಂದ ಆಟ. ಇವತ್ತು ಮಾತಾಡುವುದು ಅದರ ಪಿಕ್ಸೆಲ್ ರಿಮಾಸ್ಟರ್ ಬಗ್ಗೆ, ಅಂದರೆ ಹಳೆಯ ಆಟವನ್ನೇ ಹೊಸ ಚಿತ್ರ, ಹೊಸ ಸಂಗೀತ ಹಾಕಿ ತಂದ ಆವೃತ್ತಿಯ ಬಗ್ಗೆ. ಕಥೆಯ ಗುಟ್ಟೆಲ್ಲ ಹೊರಗೆ ಬರುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ. ಮೂವತ್ತು ವರ್ಷ ದಾಟಿದ ಆಟಕ್ಕೆ ಇನ್ನೇನು ಗುಟ್ಟು, ಅಲ್ವಾ?

ನಮ್ಮ ಊರಿನಲ್ಲಿ ಆಗ ಇದ್ದದ್ದು ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್. ಕ್ಯಾಸೆಟ್ ಮೇಲೆ ಲಕ್ಷಗಟ್ಟಲೆ ಆಟ ಇದೆ ಅಂತ ಬರೆದಿರುತ್ತಿತ್ತು, ಒಳಗೆ ಹತ್ತೋ ಹನ್ನೆರಡೋ. ನಾನು ಈ ಆಟ ನೋಡಿದ್ದು ಎಷ್ಟೋ ವರ್ಷದ ನಂತರ, ಹಾಸ್ಟೆಲ್ ರೂಮಿನ ಕಂಪ್ಯೂಟರಿನಲ್ಲಿ, ಎಮ್ಯುಲೇಟರ್ ಮೂಲಕ, ಅಂದರೆ ಹಳೆಯ ಗೇಮ್ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್ ಮೂಲಕ. ಹಾಗಾಗಿ ಬಾಲ್ಯದ ನೆನಪಿಗೆ ಮರುಳಾಗಿ ಹೊಗಳುತ್ತಿದ್ದೇನೆ ಅನ್ನಬೇಡಿ. ನನ್ನ ಬಾಲ್ಯದಲ್ಲಿ ಇದು ಇರಲೇ ಇಲ್ಲ.

ಮೊದಲು ರಿಮಾಸ್ಟರ್ ಏನು ಮಾಡಿದೆ ನೋಡೋಣ. ಚಿತ್ರಗಳನ್ನು ಹೊಸದಾಗಿ ಬರೆದಿದ್ದಾರೆ. ಬರೆದವರು ಕಝುಕೊ ಶಿಬುಯಾ, ಸರಣಿಯ ಮೊದಲ ಆಟದಿಂದಲೂ ಪಾತ್ರಗಳ ಪುಟ್ಟ ಚಿತ್ರಗಳನ್ನು ಬರೆದವರೇ. ನೊಬುವೊ ಉಯೆಮಾಟ್ಸು ಅವರ ಸಂಗೀತವನ್ನು ಅವರ ಮೇಲ್ವಿಚಾರಣೆಯಲ್ಲೇ ಮತ್ತೆ ನುಡಿಸಿದ್ದಾರೆ. ಇದು ಕಂಪ್ಯೂಟರ್ ಮತ್ತು ಮೊಬೈಲಿಗೆ ಬಂದದ್ದು 2022ರಲ್ಲಿ. ಇಷ್ಟೆಲ್ಲ ಮಾಡಿ ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ಬಡಕಲು ಫಾಂಟ್ ಹಾಕಿದ್ದರು. ಮದುವೆಗೆ ರೇಷ್ಮೆ ಪಂಚೆ ಉಟ್ಟು ಕಾಲಿಗೆ ಬಾತ್‌ರೂಮ್ ಚಪ್ಪಲಿ ಹಾಕಿಕೊಂಡ ಹಾಗೆ. ಜನ ಬೈದರು. 2023ರ ಕನ್ಸೋಲ್ ಆವೃತ್ತಿಯಲ್ಲಿ ಫಾಂಟ್ ಬದಲಿಸುವ ಆಯ್ಕೆ ಕೊಟ್ಟರು, ಹಳೆಯ ಸಂಗೀತವನ್ನೂ ಕೊಟ್ಟರು. ಆ ವಿಷಯ ಅಲ್ಲಿಗೆ ಮುಗಿಯಿತು.

ಇನ್ನು ಒಪೆರಾ. ಈ ಆಟದ ಹೆಸರು ಹೇಳಿದರೆ ಎಲ್ಲರೂ ಮೊದಲು ಹೇಳುವುದೇ ಅದು. ಮರಿಯಾ ಎಂಬ ನಟಿಯನ್ನು ಸೆಟ್ಜರ್ ಎಂಬ ಜೂಜುಗಾರ ಹಾರಿಸಿಕೊಂಡು ಹೋಗುತ್ತೇನೆ ಅಂತ ಕಾಗದ ಬರೆದಿದ್ದಾನೆ. ಅವನ ಹಾರುವ ಹಡಗು ನಮ್ಮವರಿಗೆ, ಅಂದರೆ ಆಟದ ನಾಯಕರಿಗೆ, ಬೇಕು. ಮರಿಯಾಳನ್ನೇ ಹೋಲುವ ಸೆಲೆಸ್‌ಗೆ ವೇಷ ಹಾಕಿ ವೇದಿಕೆಗೆ ಹತ್ತಿಸುತ್ತಾರೆ. ಅವಳು ಸೈನ್ಯದಲ್ಲಿ ಜನರಲ್ ಆಗಿದ್ದವಳು, ಹಾಡಿನ ಗಂಧ ಗಾಳಿ ಇಲ್ಲ. ನೀವು ಹಾಡಿನ ಸಾಲು ಬಾಯಿಪಾಠ ಮಾಡಿ ಸರಿಯಾದ ಜಾಗದಲ್ಲಿ ಆರಿಸಬೇಕು. ಇತ್ತ ಅಲ್ಟ್ರಾಸ್ ಎಂಬ ಆಕ್ಟೋಪಸ್ ಮೇಲಿಂದ ನಾಲ್ಕು ಟನ್ ಭಾರದ ತೂಕವನ್ನು ಅವಳ ತಲೆಯ ಮೇಲೆ ಉರುಳಿಸಲು ಹೊರಟಿದ್ದಾನೆ. ತಳ್ಳಲು ಅವನಿಗೇ ಐದು ನಿಮಿಷ ಬೇಕಂತೆ! ಯಕ್ಷಗಾನದ ಹಾಸ್ಯಗಾರನಿಗೆ ಎಂಟು ಕಾಲು ಬಂದರೆ ಹೀಗೇ ಇರುತ್ತಾನೆ.

ಹಳೆಯ ಯಂತ್ರದಲ್ಲಿ ಒಂದೇ ಸಲಕ್ಕೆ ಎಂಟು ಧ್ವನಿ ಮಾತ್ರ ಹೊರಡಿಸಬಹುದಿತ್ತು. ಸೆಲೆಸ್ ಹಾಡಿದಾಗ ಕೇಳುತ್ತಿದ್ದದ್ದು ಮನುಷ್ಯನ ದನಿಯಲ್ಲ, ದನಿಯ ಹಾಗೆ ಅನ್ನಿಸುವ ಒಂದು ಸದ್ದು. ಈಗ ನಿಜವಾದ ಗಾಯಕರೇ ಹಾಡಿದ್ದಾರೆ, ಅದೂ ಹಲವು ಭಾಷೆಗಳಲ್ಲಿ. ಕ್ಯಾಮೆರಾ ವೇದಿಕೆಯ ಸುತ್ತ ತಿರುಗುತ್ತದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಮೊದಲಿನ ಸದ್ದೇ ಇಷ್ಟ. ಆಗ ಹಾಡುತ್ತಿದ್ದವಳು ಸೆಲೆಸ್. ಈಗ ಯಾರೋ ಪಳಗಿದ ಗಾಯಕಿ ಹಾಡುತ್ತಾರೆ, ಸೆಲೆಸ್ ಸುಮ್ನೆ ಕೈ ಆಡಿಸುತ್ತಾಳೆ. ಹಾಡಲು ಬಾರದವಳು ಭಯದಲ್ಲಿ ಹಾಡುತ್ತಿದ್ದಾಳೆ ಅನ್ನುವುದೇ ಆ ದೃಶ್ಯದ ಜೀವ ಅಲ್ವಾ?

ಆಟ ಎಲ್ಲಿ ಹಳತಾಗಿದೆ ಅಂದರೆ ಕಾಳಗದಲ್ಲಿ. ಹದಿನಾಲ್ಕು ಜನ ಪಾತ್ರಧಾರಿಗಳು, ಒಬ್ಬೊಬ್ಬರಿಗೂ ಒಂದೊಂದು ವರಸೆ. ಸೇಬಿನ್ ಕುಸ್ತಿಪಟು, ದೆವ್ವದ ರೈಲನ್ನೇ ಎತ್ತಿ ಬಡಿಯುತ್ತಾನೆ. (ಇದು ತಮಾಷೆಯಲ್ಲ, ನಿಜವಾಗಿಯೂ ರೈಲು.) ಆಮೇಲೆ ಮ್ಯಾಜಿಸೈಟ್ ಎಂಬ ಕಲ್ಲು ಸಿಗುತ್ತದೆ, ಬಹುತೇಕ ಎಲ್ಲರೂ ಎಲ್ಲ ಮಂತ್ರವನ್ನೂ ಕಲಿತುಬಿಡುತ್ತಾರೆ. ಕೊನೆಗೆ ಕಳ್ಳ, ರಾಜ, ಕುಸ್ತಿಪಟು ಎಲ್ಲ ಒಂದೇ. ಈ ತಪ್ಪು 1994ರಲ್ಲೂ ಇತ್ತು.

ಹಾಗಾದರೆ ಇಷ್ಟು ವರ್ಷವಾದರೂ ಏನು ಉಳಿದಿದೆ? ಮತ್ತೆ ಆ ದ್ವೀಪಕ್ಕೇ ಬರಬೇಕು. ಆಟದ ನಡುವೆ ಕೆಫ್ಕಾ ಎಂಬ ಹುಚ್ಚ ಗೆದ್ದುಬಿಡುತ್ತಾನೆ. ನಾಯಕರು ಸೋಲುತ್ತಾರೆ, ಜಗತ್ತು ಹಾಳಾಗುತ್ತದೆ. ಒಂದು ವರ್ಷದ ನಂತರ ಸೆಲೆಸ್ ಕಣ್ಣು ಬಿಡುತ್ತಾಳೆ. ಜೊತೆಗಿರುವವನು ಸಿಡ್ ಒಬ್ಬನೇ, ಅವಳು ಅಜ್ಜ ಅಂತ ಕರೆಯುವ ಮುದುಕ. ಅವನಿಗೇ ಈ ಮೀನು. ಅವನು ಸತ್ತರೆ ಅವಳು ಬಂಡೆಯ ತುದಿಗೆ ಹೋಗಿ ಕೆಳಗೆ ಹಾರುತ್ತಾಳೆ. ಸಾಯುವುದಿಲ್ಲ. ಪಕ್ಕದಲ್ಲಿ ಒಂದು ಹಕ್ಕಿ, ಅದರ ಗಾಯಕ್ಕೆ ಯಾರೋ ಬಟ್ಟೆ ಕಟ್ಟಿದ್ದಾರೆ. ಆ ಬಟ್ಟೆ ಗೆಳೆಯರಲ್ಲಿ ಯಾರ ತಲೆಯಲ್ಲಿ ಇರುತ್ತಿತ್ತು ಅಂತ ಅವಳಿಗೆ ಗೊತ್ತು.

ಅಲ್ಲಿಂದ ಮುಂದೆ ಆಟ ನಿಮ್ಮ ಕೈಹಿಡಿದು ನಡೆಸುವುದನ್ನು ಬಿಡುತ್ತದೆ. ಸೆಲೆಸ್, ರಾಜ ಎಡ್ಗರ್, ಸೆಟ್ಜರ್ ಮೂವರು ಸೇರಿ ಹಾರುವ ಹಡಗು ಸಿಕ್ಕಿದರೆ ಸಾಕು, ನೇರವಾಗಿ ಕೊನೆಯ ಗೋಪುರಕ್ಕೆ ಹೋಗಬಹುದು. ಉಳಿದ ಗೆಳೆಯರನ್ನು ಹುಡುಕುವುದು, ಬಿಡುವುದು ನಿಮಗೆ ಬಿಟ್ಟದ್ದು. ಒಬ್ಬನಂತೂ ಸಿಗುವುದೇ ಇಲ್ಲ, ನೀವು ಹಿಂದೆ ಅವಸರ ಮಾಡಿದ್ದರೆ. ತೇಲುವ ಖಂಡ ಕುಸಿಯುವಾಗ ಗಡಿಯಾರ ಓಡುತ್ತಿರುತ್ತದೆ. ಕೊನೆಯ ಐದು ಸೆಕೆಂಡಿನವರೆಗೆ ಕಾದರೆ ಮಾತ್ರ ಶಾಡೋ ಎಂಬ ಆ ಗೆಳೆಯ ಬದುಕುತ್ತಾನೆ. ನಾನು ಮೊದಲ ಸಲ ಕಾಯಲಿಲ್ಲ.

ರಿಮಾಸ್ಟರ್ ಮೇಲೆ ನನ್ನ ಜಗಳ ಇಲ್ಲೇ. 2023ರ ಆವೃತ್ತಿಯಲ್ಲಿ ಶತ್ರುಗಳು ಎದುರಾಗುವುದನ್ನೇ ಒಂದು ಬಟನ್ನಿನಲ್ಲಿ ನಿಲ್ಲಿಸಬಹುದು. ಅನುಭವದ ಅಂಕವನ್ನು ನಾಲ್ಕು ಪಟ್ಟು ಮಾಡಬಹುದು. ಕೆಲಸ ಮುಗಿಸಿ ಬಂದು ರಾತ್ರಿ ಅರ್ಧ ಗಂಟೆ ಆಡುವವನಿಗೆ ಇದು ವರ, ನಾನೂ ಬಳಸಿದೆ. ಆದರೆ ಹಾಳಾದ ಜಗತ್ತಿನಲ್ಲಿ ಭಯವಿಲ್ಲದೆ ಅಡ್ಡಾಡಿದರೆ ಅದು ಸಂಜೆಯ ವಾಕಿಂಗ್ ಆಗುತ್ತದೆ. ಮೊದಲರ್ಧದಲ್ಲಿ ಬೇಕಾದರೆ ಹಾಕಿಕೊಳ್ಳಿ. ದ್ವೀಪ ಬಂದ ಮೇಲೆ ತೆಗೆದುಬಿಡಿ.

ಅಕ್ಕನ ಮಗ ರಜೆಗೆ ಬಂದಿದ್ದಾಗ ಅವನ ಕೈಗೆ ಕೊಟ್ಟೆ. ಹದಿನಾಲ್ಕು ವರ್ಷ. ಎಲ್ಲ ಸವಲತ್ತು ಹಾಕಿಕೊಂಡು ಮೂರೇ ದಿನದಲ್ಲಿ ದ್ವೀಪಕ್ಕೆ ಬಂದ. ಸುಲಭಕ್ಕೆ ಸಿಕ್ಕ ಮೀನನ್ನೇ ಹಿಡಿದು ಹಿಡಿದು ತಿನ್ನಿಸಿದ. ಮುದುಕ ಹೋದ. ಸೆಲೆಸ್ ಬಂಡೆ ಹತ್ತಿದಳು. ಅವನು ಕಂಟ್ರೋಲರ್ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಮಾಮ, ಬೇರೆ ಮೀನು ಹಿಡಿಬೇಕಿತ್ತಾ?"

ಹೂಂ ಅಂದೆ.

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?" ಅಂತ ಕೇಳಿ ಹಳೆಯ ಸೇವ್ ಹುಡುಕಲು ಶುರು ಮಾಡಿದ.