ಯಾವ ಬೀಚಿಗೆ ಹೋಗೋಣ?

ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ರಜೆ ಹತ್ತಿರ ಬಂತು ಅಂದರೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಏಳುತ್ತದೆ. ಈ ಸಲ ಕಡಲಿಗೆ ಹೋಗೋಣ. ಎಲ್ಲರೂ ಹೂಂ ಅನ್ನುತ್ತಾರೆ. ಯಾವ ಬೀಚು ಅಂತ ಕೇಳಿದ ಕೂಡಲೇ ತಕರಾರು ಶುರು. ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿ 300 ಕಿಲೋಮೀಟರಿಗೂ ಉದ್ದ. ಫೋನಿನಲ್ಲಿ ನೋಡಿದರೆ ಎಲ್ಲ ಬೀಚೂ ಒಂದೇ ಥರ: ನೀಲಿ ನೀರು, ತೆಂಗಿನ ಮರ, ಕೆಂಪು ಸೂರ್ಯ. ಹಾಗಾಗಿ ಫೋಟೋ ನೋಡಿ ಆರಿಸಬೇಡಿ. ಜೊತೆಗೆ ಯಾರು ಬರುತ್ತಾರೆ, ಅಲ್ಲಿ ಹೋಗಿ ಏನು ಮಾಡುತ್ತೀರಿ, ಅದನ್ನು ಮೊದಲು ಮಾತಾಡಿಕೊಳ್ಳಿ.

ಮರವಂತೆಯನ್ನೇ ನೋಡಿ. ಒಂದು ಪಕ್ಕ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಅಂಥ ನೋಟ ಬೇರೆಲ್ಲಿ ಸಿಗುತ್ತದೆ ಹೇಳಿ! ಆದರೆ ಅಲ್ಲಿ ಕಡಲ್ಕೊರೆತ ಜಾಸ್ತಿ. ದಡ ಉಳಿಸಲು ದೊಡ್ಡ ದೊಡ್ಡ ಬಂಡೆಗಳನ್ನು ಹಾಕಿದ್ದಾರೆ. ಗಾಡಿ ನಿಲ್ಲಿಸಿ, ಕಣ್ತುಂಬ ನೋಡಿ, ಚಹಾ ಕುಡಿದು ಹೊರಡುವ ಜಾಗ ಅದು. ಮಕ್ಕಳನ್ನು ನೀರಿಗೆ ಬಿಡುವ ಜಾಗ ಅಲ್ಲ.

ಮಕ್ಕಳಿದ್ದರೆ ನಾನು ಪಡುಬಿದ್ರಿ ಅಂತೀನಿ, ಇಲ್ಲವೇ ಹೊನ್ನಾವರದ ಹತ್ತಿರದ ಕಾಸರಕೋಡು. 2020ರಲ್ಲಿ ನಮ್ಮ ರಾಜ್ಯದ ಈ ಎರಡು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರು ಶುದ್ಧವೇ, ಶೌಚಾಲಯ ಇದೆಯೇ, ಕಾವಲಿಗೆ ಜನ ಇದ್ದಾರೆಯೇ, ಇದನ್ನೆಲ್ಲ ಪರೀಕ್ಷೆ ಮಾಡಿ ಕೊಡುವ ಮಾನ್ಯತೆ ಅದು. ಸ್ನಾನದ ಕೋಣೆ ಇದೆ, ನೀರಿಗಿಳಿಯಲು ಗುರುತು ಮಾಡಿದ ಜಾಗ ಇದೆ. ಒಳಗೆ ಹೋಗಲು ಟಿಕೆಟ್ಟೂ ಇದೆ. ಬೀಚಿಗೂ ಟಿಕೆಟ್ಟಾ ಅಂತ ಕೆಲವರಿಗೆ ಸಿಟ್ಟು. ಒದ್ದೆ ಬಟ್ಟೆಯಲ್ಲಿ ನಡುಗುವ ಮಗುವನ್ನು ಎತ್ತಿಕೊಂಡು ನಲ್ಲಿ ಹುಡುಕಿದವರು ಆ ಮಾತು ಆಡುವುದಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಒಂದು ವಿಷಯ ಹೇಳಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು. ಮಳೆಗಾಲ ಮುಗಿದಿದೆ, ಬಿಸಿಲಿದೆ ಅಂದ ಮಾತ್ರಕ್ಕೆ ಕಡಲು ಸಾಧು ಅಲ್ಲ. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸು ಹೋಗಲೇಬೇಕಲ್ವಾ? ಹೊಯ್ಗೆಯ, ಅಂದರೆ ಮರಳಿನ, ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದು ರಭಸವಾಗಿ ಒಳಕ್ಕೆ ಹರಿಯುತ್ತದೆ. ಮೋಸ ಇರುವುದು ಇಲ್ಲೇ. ಆ ಜಾಗದಲ್ಲಿ ತೆರೆ ಹೆಚ್ಚು ಒಡೆಯುವುದಿಲ್ಲ, ನೊರೆ ಕಡಿಮೆ. ದಡದಲ್ಲಿ ನಿಂತವರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ, ಅಲ್ಲಿಗೇ ಇಳಿಯುತ್ತಾರೆ. ಎಳೆತಕ್ಕೆ ಸಿಕ್ಕಿದರೆ ದಡದತ್ತ ನೇರ ಈಜಲು ಹೋದವರು ಸುಸ್ತಾಗಿ ಮುಳುಗುತ್ತಾರೆ. ಮೊದಲು ತೇಲಿಕೊಂಡಿರಬೇಕು. ಸಹಾಯಕ್ಕೆ ಕೈ ಎತ್ತಬೇಕು. ಈಜು ಬಂದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು.

ನದಿ ಕಡಲು ಸೇರುವ ಅಳಿವೆಯ ಹತ್ತಿರವಂತೂ ಇಳಿಯಲೇಬೇಡಿ. ಮೇಲೆ ನೋಡಲು ಕೊಳದ ಹಾಗೆ ಇರುತ್ತದೆ, ಕೆಳಗೆ ಸೆಳೆತ. ಯಾವ ಊರಿಗೆ ಹೋದರೂ ದಡದಲ್ಲಿ ಬಲೆ ಸರಿಮಾಡುತ್ತಾ ಕೂತ ಮೀನುಗಾರರನ್ನು ಕೇಳಿ. ‘ಅಣ್ಣಾ, ಇಲ್ಲಿ ಇಳಿಯಬಹುದಾ?’ ಅವರು ಬೇಡ ಅಂದರೆ ಬೇಡ. ಅದಕ್ಕೆ ಚೌಕಾಸಿ ಇಲ್ಲ.

ಗೆಳೆಯರ ಗುಂಪಾದರೆ ಗೋಕರ್ಣ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಒಂದರ ಪಕ್ಕ ಒಂದು. ನಡುವೆ ಗುಡ್ಡ, ಕಾಲುದಾರಿ. ಒಂದು ತಿರುವು ದಾಟಿದರೆ ಕಡಲು ಮಾಯ, ಇನ್ನೊಂದು ತಿರುವಿನಲ್ಲಿ ಕಾಲಡಿಯಲ್ಲೇ ಪ್ರತ್ಯಕ್ಷ. ನನ್ನನ್ನು ಕೇಳಿದರೆ ಅಲ್ಲಿ ಈಜುವುದಕ್ಕಿಂತ ನಡೆಯುವುದೇ ಚೆಂದ. ನೀರಿನ ಬಾಟಲಿ ಇಟ್ಟುಕೊಳ್ಳಿ, ಕತ್ತಲಾಗುವ ಮುಂಚೆ ವಾಪಸು ಬನ್ನಿ. ಮಂಡಿನೋವಿನ ಅಜ್ಜಿಯನ್ನು ಮಾತ್ರ ಓಂ ಬೀಚಿನ ಮೆಟ್ಟಿಲು ಇಳಿಸಬೇಡಿ. ಇಳಿದದ್ದನ್ನು ಮತ್ತೆ ಹತ್ತಬೇಕಲ್ಲ!

ಹಿರಿಯರಿದ್ದರೆ ಉಡುಪಿಯ ಸುತ್ತಮುತ್ತ ಅನುಕೂಲ. ಬೆಳಿಗ್ಗೆ ಮಠ, ಸಂಜೆ ಕಾಪು. ಅಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭ ಇದೆ. ಮೊಮ್ಮಕ್ಕಳು ಅದನ್ನು ಹತ್ತಲಿ, ಅಜ್ಜ ಕೆಳಗೆ ಗಾಳಿಗೆ ಕೂರಲಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಬಹುದು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ, ಕಂಬ ಕಂಬವಾಗಿ ನಿಂತ ಕಲ್ಲುಗಳಿವೆ. ಆದರೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ದ್ವೀಪದಲ್ಲಿ ಉಳಿಯುವ ಹಾಗೂ ಇಲ್ಲ.

ಒಂದು ಎಚ್ಚರಿಕೆ. ಸೋಮೇಶ್ವರ ಅನ್ನುವ ಬೀಚು ಎರಡಿವೆ, ಒಂದು ಉಳ್ಳಾಲದಲ್ಲಿ, ಇನ್ನೊಂದು ಬೈಂದೂರಿನಲ್ಲಿ. ಮ್ಯಾಪಿನಲ್ಲಿ ಹೆಸರು ಒತ್ತುವಾಗ ಊರು ನೋಡಿ ಒತ್ತಿ. ಇಲ್ಲದಿದ್ದರೆ ನೂರು ಕಿಲೋಮೀಟರಿಗೂ ಜಾಸ್ತಿ ಸುಮ್ನೆ ಓಡಾಟ.

ಇನ್ನು ಹೊತ್ತಿನ ಮಾತು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ದಿನದಲ್ಲಿ ಬೆಳಗಿನ ಜಾವವೇ ಮೇಲು. ಬಿಸಿಲೇರಿದಂತೆ ನೆಲ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ಗಾಳಿ ನುಗ್ಗುತ್ತದೆ. ಅದಕ್ಕೇ ಮಧ್ಯಾಹ್ನದ ಮೇಲೆ ನೀರು ಕಲಕಿದಂತೆ ಕಾಣುವುದು. ಹನ್ನೊಂದರಿಂದ ನಾಲ್ಕರವರೆಗೆ ಹೊಯ್ಗೆ ಕಾಲು ಸುಡುತ್ತದೆ. ಆ ಹೊತ್ತು ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಒಳ್ಳೆಯ ನಿದ್ದೆಗೆ ಇರಲಿ. ಮೀನು ತಿನ್ನದವರಿಗೆ ಉಡುಪಿಯಲ್ಲಿ ಊಟದ ಚಿಂತೆಯೇ ಇಲ್ಲ.

ಬೆಂಗಳೂರಿನವರು ಕಾರೇ ಬೇಕು ಅಂದುಕೊಳ್ಳಬೇಡಿ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗಿನ ಜಾವ ಉಡುಪಿ, ಕುಂದಾಪುರ, ಮುಂದೆ ಗೋಕರ್ಣ ರೋಡ್. ರಜೆಯ ದಿನಗಳಲ್ಲಿ ಸೀಟು ಬೇಗ ತುಂಬುತ್ತದೆ. ಬೀಚು ಯಾವುದು ಅನ್ನುವ ಜಗಳ ಮುಗಿಯುವವರೆಗೆ ಕಾಯದೆ ಟಿಕೆಟ್ ಮಾಡಿಸಿಬಿಡಿ. ಉಳಿದದ್ದನ್ನು ರೈಲಿನಲ್ಲಿ ಮಾತಾಡಿಕೊಳ್ಳಬಹುದು.

ನಮಸ್ಕಾರ.