ನಕ್ಕವರು ತಲೆ ತಗ್ಗಿಸಬೇಕಿಲ್ಲ

ಎಲ್ಲರಿಗೂ ನಮಸ್ಕಾರ. ‘ಮೇರಿ ಅಂಡ್ ಮ್ಯಾಕ್ಸ್’, ಕಾಗದ ಬರೆದುಕೊಂಡೇ ಗೆಳೆಯರಾದ ಇಬ್ಬರ ಈ ಗೊಂಬೆ ಸಿನಿಮಾ, ಈಗ ತಾನೇ ಮುಗಿದಿದೆ. ಕೆಲವರು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ಜಾಸ್ತಿ ಹೊತ್ತು ಕೂರಿಸುವುದಿಲ್ಲ, ಒಂದೇ ವಿಷಯ ಹೇಳಬೇಕು.

ಮ್ಯಾಕ್ಸ್‌ನ ಕಿಟಕಿಯ ಏರ್ ಕಂಡೀಷನರ್ ಕಳಚಿ ಬಿದ್ದು ಕೆಳಗಿದ್ದ ಮೂಕಾಭಿನಯದ ಕಲಾವಿದ ಸತ್ತನಲ್ಲ, ಆಗ ಈ ಹಾಲ್‌ನಲ್ಲಿ ಜೋರು ನಗು ಎದ್ದಿತು. ಮರುಕ್ಷಣವೇ ನಿಂತಿತು. ಒಂದು ಜೀವ ಹೋಗಿದೆ, ನಾವು ನಗುತ್ತಿದ್ದೇವೆ, ಇದು ಸರೀನಾ ಅಂತ ಒಳಗೇ ಚುಚ್ಚಿತು ಅಲ್ವಾ? ಮೊದಲ ಸಲ ನೋಡಿದಾಗ ನನಗೂ ಹಾಗೇ ಆಗಿತ್ತು. ಈಗ ಅನ್ನಿಸುವುದು ಬೇರೆ. ಆ ನಗು ತಪ್ಪಲ್ಲ.

ಮೇರಿಯನ್ನೇ ನೋಡಿ. 1976, ಮೆಲ್ಬರ್ನ್‌ನ ಮೌಂಟ್ ವೇವರ್ಲಿ, ಎಂಟು ವರ್ಷದ ಹುಡುಗಿ. ಅಪ್ಪನಿಗೆ ಕಾರ್ಖಾನೆಯಲ್ಲಿ ಟೀ ಬ್ಯಾಗ್‌ಗಳಿಗೆ ದಾರ ಸೇರಿಸುವ ಕೆಲಸ. ಅಮ್ಮ ಹಗಲೆಲ್ಲ ಶೆರಿ ಅನ್ನುವ ಮದ್ಯ ಕುಡಿಯುತ್ತಾಳೆ, ಮಗಳು ಕೇಳಿದರೆ ಇದು ದೊಡ್ಡವರ ಟೀ, ಆಗಾಗ ರುಚಿ ನೋಡುತ್ತಿರಬೇಕು ಅನ್ನುತ್ತಾಳೆ. ಮಗು ನಂಬುತ್ತದೆ. ನಮಗೆ ನಿಜ ಗೊತ್ತು, ಅದಕ್ಕೇ ನಗು ಬರುತ್ತದೆ, ಮತ್ತು ನಗುತ್ತಿರುವಾಗಲೇ ಆ ಮನೆಯಲ್ಲಿ ಅವಳನ್ನು ಕೇಳುವವರು ಯಾರೂ ಇಲ್ಲ ಅನ್ನುವುದೂ ಅರಿವಾಗಿಬಿಡುತ್ತದೆ. ಎರಡೂ ಒಟ್ಟಿಗೇ ಬರುತ್ತವೆ. ಅವಳ ಪತ್ರದ ಗೆಳೆಯ, ನ್ಯೂಯಾರ್ಕಿನ ಮ್ಯಾಕ್ಸ್‌ಗೆ 44 ವರ್ಷ, ಆಸ್ಪರ್ಗರ್ಸ್ ಇದೆ, ಅಂದರೆ ಆಟಿಸಂನ ಒಂದು ಬಗೆ, ಎದುರಿನವರ ಮುಖಭಾವ ತಿಳಿಯಲು ಚಿತ್ರಗಳ ಪುಸ್ತಕ ಇಟ್ಟುಕೊಂಡಿದ್ದಾನೆ. ಅವನೂ ತಮಾಷೆಗೆ ಅಂತ ಏನೂ ಹೇಳುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ, ಅಷ್ಟೇ. ಅವನಿಗೆ ಅಳು ಬರುವುದಿಲ್ಲ ಅಂತ ತಿಳಿದ ಮೇರಿ ತನ್ನ ಕಣ್ಣೀರನ್ನೇ ಬಾಟಲಿಯಲ್ಲಿ ಹಿಡಿದು ಕಳಿಸುತ್ತಾಳೆ. ಅಲ್ಲಿ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.

ನಿರ್ದೇಶಕ ಆಡಮ್ ಎಲಿಯಟ್‌ಗೆ ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಒಬ್ಬ ಪತ್ರದ ಗೆಳೆಯ ಇದ್ದರು, ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಸ್ನೇಹ. ಮ್ಯಾಕ್ಸ್ ಹುಟ್ಟಿದ್ದು ಅವರಿಂದ. ಗೆಳೆಯನನ್ನು ಆಡಿಕೊಂಡು ನಗುವುದಕ್ಕೆ ಯಾರೂ ಇಷ್ಟು ಕಷ್ಟಪಡುವುದಿಲ್ಲ. ಕಷ್ಟ ಅಂದರೆ ಎಂಥದ್ದು? ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಂತೆ, ಅಂದರೆ 24 ಬಿಡಿ ಚಿತ್ರಗಳು. ಗೊಂಬೆಯ ರೆಪ್ಪೆಯನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಫೋಟೋ ಹೊಡೆಯಬೇಕು, ಮತ್ತೆ ಸರಿಸಬೇಕು. ಈ ತೊಂಬತ್ತು ಚಿಲ್ಲರೆ ನಿಮಿಷಕ್ಕೆ 57 ವಾರ ಚಿತ್ರೀಕರಣ ನಡೆಯಿತು. ನಟನಾದರೆ ಕ್ಯಾಮೆರಾ ಮುಂದೆ ಸುಮ್ನೆ ಒಮ್ಮೆ ನಿಟ್ಟುಸಿರು ಬಿಡಬಹುದು. ಇಲ್ಲಿ ಮ್ಯಾಕ್ಸ್‌ನ ಒಂದು ನಿಟ್ಟುಸಿರಿಗೂ ಯಾರೋ ಅವನ ಪಕ್ಕ ಗಂಟೆಗಟ್ಟಲೆ ನಿಂತಿದ್ದಾರೆ. ಆ ತಾಳ್ಮೆ ನಮಗೆ ತಾಗುತ್ತದೆ ಅಂತ ನಾನು ನಂಬಿದ್ದೇನೆ. ಅದಕ್ಕೇ ಇಲ್ಲಿನ ನಗುವಿನಲ್ಲಿ ತಾತ್ಸಾರ ಇಲ್ಲ.

 ಬಣ್ಣದ ಬಗ್ಗೆಯೂ ಹೇಳಬೇಕು. ಮೇರಿಯ ಊರೆಲ್ಲ ಕಂದು, ಮ್ಯಾಕ್ಸ್‌ನ ಊರೆಲ್ಲ ಬೂದು. ಆ ಬೂದು ಬಣ್ಣದ ನಡುವೆ ಅವನ ತಲೆ ಮೇಲೆ ಕೆಂಪು ಪಾಂಪಮ್, ಅಂದರೆ ದಾರದ ಪುಟ್ಟ ಕುಚ್ಚು, ಒಂದಿತ್ತಲ್ಲ, ಮೇರಿ ಕಳಿಸಿದ್ದು? ಅಷ್ಟು ದೂರದಿಂದ ಬಂದ ಅಕ್ಕರೆಯೆಲ್ಲ ಆ ಒಂದು ಚುಕ್ಕೆಯಲ್ಲಿತ್ತು.

ಕೊನೆಗೆ ಮೇರಿ ಮಗುವನ್ನು ಕಟ್ಟಿಕೊಂಡು ಅಷ್ಟು ದೂರ ಬರುವಾಗ ಮ್ಯಾಕ್ಸ್ ತೀರಿಹೋಗಿರುತ್ತಾನೆ. ಸೋಫಾದ ಮೇಲೆ ಕೂತಲ್ಲೇ, ಕಣ್ಣು ಮೇಲಕ್ಕೆ ನೆಟ್ಟಂತೆ ಇದ್ದಾನೆ. ಅವಳೂ ಮೇಲೆ ನೋಡುತ್ತಾಳೆ. ಚಾವಣಿ ತುಂಬ ಅವಳೇ ಬರೆದ ಕಾಗದಗಳು. ಮೊದಲು ನಮ್ಮನ್ನು ನಗಿಸಿದ್ದವೂ ಅವೇ ಕಾಗದಗಳು.

ಆ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದ್ದು ಕೇಳಿಸಿತು. ಏರ್ ಕಂಡೀಷನರ್ ಬಿದ್ದಾಗ ಎಲ್ಲರಿಗಿಂತ ಮೊದಲು ನಕ್ಕಿದ್ದೂ ಅದೇ ದನಿ. ಮೈಕ್ ಅಲ್ಲಿಗೆ ಕೊಡಿ, ಮೊದಲು ಅವರೇ ಮಾತಾಡಲಿ.